ಗರಡಿಯ ಮಣ್ಣು, ಡ್ರಿಲ್ ಪಿರಿಯಡ್ಡು ಮತ್ತು ಒಂದು ನೂರು ಮೀಟರ್ ಓಟ

ಕಳೆದ ತಿಂಗಳು ಕಡೂರಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಅವನ ಮಗಳು ಪೊಲೀಸ್ ಇಲಾಖೆಯ ನೇಮಕಾತಿಗೆ ಸಿದ್ಧತೆ ನಡೆಸಿದ್ದಾಳೆ. ದಿನವೂ ನಸುಕಿನಲ್ಲಿ ಅಪ್ಪ, ಮಗಳು ಇಬ್ಬರೂ ಮೈದಾನಕ್ಕೆ ಹೋಗುತ್ತಾರೆ. ಓಡುವುದಕ್ಕೆ ಮುನ್ನ ಕಾಲು ಗಂಟೆ ನಡಿಗೆ, ನಿಧಾನದ ಓಟ, ಕೈಕಾಲು ಬೀಸುವುದು, ಮಂಡಿ ಎತ್ತಿ ಹೆಜ್ಜೆ ಹಾಕುವುದು ಇವನ್ನೆಲ್ಲ ಅವನೇ ನಿಂತು ಮಾಡಿಸುತ್ತಾನಂತೆ. "ಸಾರ್, ಹಿಂದಿನವರೂ ಇದನ್ನೆಲ್ಲ ಮಾಡ್ತಿದ್ರಾ ಅಂತ ಮಗಳು ಕೇಳಿದಳು. ನನಗೆ ಉತ್ತರ ಹೊಳೀಲಿಲ್ಲ. ನೀವು ಇತಿಹಾಸದ ಮೇಷ್ಟ್ರು, ನಿಮ್ಮನ್ನೇ ಕೇಳೋಣ ಅಂದ್ಕೊಂಡೆ" ಎಂದ. ಈ ಪ್ರಶ್ನೆಯನ್ನು ನನ್ನಲ್ಲಿ ಕೇಳುವ ಹಕ್ಕು ಬೇರೆ ಯಾರಿಗಿಂತಲೂ ಅವನಿಗೆ ಹೆಚ್ಚಾಗಿದೆ. ಅದೇಕೆಂಬುದನ್ನು ಮುಂದೆ ಹೇಳುತ್ತೇನೆ. ದೂರವಾಣಿಯಲ್ಲಿ ಏನೋ ಎರಡು ಮಾತು ಹೇಳಿ ಮುಗಿಸಿದೆನಾದರೂ ಮನಸ್ಸಿಗೆ ಸಮಾಧಾನವಾಗಲಿಲ್ಲ. ಹಳೆಯ ಟಿಪ್ಪಣಿಗಳನ್ನು ಹುಡುಕಿ, ನೆನಪನ್ನು ಕೆದಕಿ, ಅವನಿಗೂ ನಿಮಗೂ ಸೇರಿಸಿ ಇದನ್ನು ಬರೆಯುತ್ತಿದ್ದೇನೆ.

ನಾನು ಹುಡುಗನಾಗಿದ್ದಾಗ, ಎಂದರೆ 1950ರ ದಶಕದಲ್ಲಿ, ಅಜ್ಜಂಪುರದ ಕಡೆಯ ನಮ್ಮ ಹಳ್ಳಿಯಲ್ಲಿ ಒಂದು ಗರಡಿಮನೆ ಇತ್ತು. ಬಾಗಿಲು ಗಿಡ್ಡ. ತಲೆ ತಗ್ಗಿಸಿಯೇ ಒಳಗೆ ಹೋಗಬೇಕು. ಕಿಟಕಿ ಎಂಬುದಿಲ್ಲ. ಗೋಡೆಯ ಗೂಡಿನಲ್ಲಿ ಆಂಜನೇಯನ ಪಟ, ಅದರ ಮುಂದೆ ಒಂದು ಎಣ್ಣೆಯ ದೀಪ. ನಡುಹಗಲಿನಲ್ಲಿಯೂ ಒಳಗೆ ಮಬ್ಬುಗತ್ತಲೆ. ನೆಲದ ನಡುವೆ ಕೆಮ್ಮಣ್ಣಿನ ಅಂಕಣ. ಆ ಮಣ್ಣನ್ನು ಜರಡಿ ಹಿಡಿದು, ಎಳ್ಳೆಣ್ಣೆ, ಮಜ್ಜಿಗೆ, ಅರಿಶಿನ, ನಿಂಬೆರಸ ಬೆರೆಸಿ ಹದಗೊಳಿಸಿದ್ದರು. ಮಳೆಗಾಲದಲ್ಲಿ ಆ ಮಣ್ಣಿನಿಂದ ಬರುತ್ತಿದ್ದ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ನಾನು ಕುಸ್ತಿ ಆಡಿದವನಲ್ಲ. ಮಣ್ಣನ್ನು ಸಮ ಮಾಡುವಾಗ ಹಲಗೆಯ ಮೇಲೆ ಭಾರಕ್ಕೆಂದು ಕೂರಿಸುತ್ತಿದ್ದ ಹುಡುಗರಲ್ಲಿ ಒಬ್ಬ, ಅಷ್ಟೆ. ಆದರೆ ಆ ಹಲಗೆಯ ಮೇಲೆ ಕುಳಿತವನಿಗೆ ಎಲ್ಲವೂ ಕಾಣುತ್ತಿತ್ತು.

ಬೆಳಗಿನ ಜಾವ ಯಾರು ಮೊದಲು ಬರುತ್ತಾರೋ ಅವರು ಗುದ್ದಲಿ ಹಿಡಿಯಬೇಕು. ಹಿಂದಿನ ದಿನದ ತುಳಿತಕ್ಕೆ ಗಟ್ಟಿಯಾಗಿರುವ ಮಣ್ಣನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಅಗೆದು ಸಡಿಲ ಮಾಡಬೇಕು. ಬಗ್ಗಬೇಕು, ಏಳಬೇಕು, ಎಳೆಯಬೇಕು. ಬಳಿಕ ಇಬ್ಬರು ಹಗ್ಗ ಹಿಡಿದು ಹಲಗೆಯನ್ನು ಎಳೆಯಬೇಕು. ಹೊರಗೆ ಮಾಗಿಯ ಚಳಿ ಕೊರೆಯುತ್ತಿದ್ದರೂ ಕಾಲು ಗಂಟೆಯಲ್ಲಿ ಅವರ ಹಣೆಯ ಮೇಲೆ ಬೆವರು ಮೂಡುತ್ತಿತ್ತು. ಅನಂತರ ಒಬ್ಬರ ಮೈಗೆ ಒಬ್ಬರು ಎಣ್ಣೆ ತಿಕ್ಕುವುದು. ಆಮೇಲೆ ಬಸ್ಕಿ, ದಂಡೆ. ಮೊದಲು ನಿಧಾನವಾಗಿ, ಎಣಿಕೆ ಏರಿದಂತೆ ಬಿರುಸಾಗಿ. ಇಷ್ಟೆಲ್ಲ ಮುಗಿದ ಮೇಲೆಯೇ ಜೋಡಿ ಕಟ್ಟುವುದು. ಅದರಲ್ಲಿಯೂ ಮೊದಲ ಪಟ್ಟುಗಳು ಬರಿಯ ಆಟ, ಕೈಗೆ ಕೈ ಕೊಟ್ಟು ತೂಗಿ ನೋಡುವುದು. ತಡವಾಗಿ ಬಂದ ತರುಣನೊಬ್ಬ ಲಂಗೋಟಿ ಬಿಗಿದು ನೇರವಾಗಿ ಅಂಕಣಕ್ಕೆ ಇಳಿಯಲು ಹೋದಾಗ ಉಸ್ತಾದರು ಅವನ ಬೆನ್ನನ್ನು ಅಂಗೈಯಿಂದ ಮುಟ್ಟಿ ನೋಡಿ, "ಇನ್ನೂ ತಣ್ಣಗಿದೀಯ, ಆಚೆ ಹೋಗು" ಎಂದದ್ದನ್ನು ನಾನು ಕಂಡಿದ್ದೇನೆ. ಅವನು ಮೂಲೆಯಲ್ಲಿ ಇನ್ನೂರು ಬಸ್ಕಿ ಹೊಡೆದು ಬಂದ.

ಇದನ್ನು ಯಾರೂ ವಾರ್ಮ್ ಅಪ್ ಎಂದು ಕರೆಯಲಿಲ್ಲ. ಇದಕ್ಕೊಂದು ಪ್ರತ್ಯೇಕ ಹೆಸರೇ ಇರಲಿಲ್ಲ. ಅದು ಸೇವೆ. ಮಣ್ಣು ಆಂಜನೇಯನದು, ಅದನ್ನು ಅಗೆಯುವುದು ಶಿಷ್ಯನ ಧರ್ಮ ಎಂದಷ್ಟೇ ಎಲ್ಲರೂ ತಿಳಿದಿದ್ದರು. ಕಿಟಕಿ ಇಲ್ಲದ ಕೋಣೆಯನ್ನು ದೃಷ್ಟಿ ತಾಗಬಾರದೆಂದು ಕಟ್ಟಿದ್ದಾರೆ ಎನ್ನುತ್ತಿದ್ದರು. ಕಾರಣ ಏನೇ ಇರಲಿ, ಗಾಳಿಯಾಡದ ಆ ಕೋಣೆಯಲ್ಲಿ ಒಮ್ಮೆ ಬಿಸಿಯಾದ ಮೈ ಬೇಗ ತಣಿಯುತ್ತಿರಲಿಲ್ಲ ಎಂಬುದು ನಿಜ. ಅಗತ್ಯವಾದದ್ದನ್ನು ಆಚಾರದೊಳಗೆ ಹುದುಗಿಸಿಟ್ಟರೆ ಯಾರೂ ಅದನ್ನು ಬಿಟ್ಟು ಮುಂದೆ ಹೋಗಲಾರರು. ಆದರೆ ಆಚಾರ ಹೋದ ದಿನ ಅದರೊಂದಿಗೆ ಆ ಅಗತ್ಯವೂ ಮರೆತುಹೋಗುತ್ತದೆ. ನಮ್ಮಲ್ಲಿ ನಡೆದದ್ದು ಅದೇ ಎಂದು ನನ್ನ ಅನಿಸಿಕೆ.

ಶಾಸ್ತ್ರಗ್ರಂಥಗಳಲ್ಲಿ ಏನಿದೆ ಎಂದು ಕೇಳುವವರಿಗಾಗಿ ಸ್ವಲ್ಪ ಹೇಳಬೇಕು. ವಾಗ್ಭಟನ ಅಷ್ಟಾಂಗಹೃದಯದ ದಿನಚರ್ಯಾ ಅಧ್ಯಾಯದಲ್ಲಿ ಮೊದಲು ಅಭ್ಯಂಗ, ಎಂದರೆ ಎಣ್ಣೆ ತಿಕ್ಕುವುದು. ಅದಾದ ಮೇಲೆ ವ್ಯಾಯಾಮ. ಆ ಬಳಿಕ ಮೈಯನ್ನು ಒತ್ತಿ ಸುಖಗೊಳಿಸುವುದು, ಉದ್ವರ್ತನ, ಸ್ನಾನ ಎಂಬ ಕ್ರಮವಿದೆ. ಶಕ್ತಿಯ ಅರ್ಧದಷ್ಟನ್ನೇ ವ್ಯಾಯಾಮದಲ್ಲಿ ವೆಚ್ಚ ಮಾಡಬೇಕೆಂಬ ಮಾತೂ ಅಲ್ಲಿದೆ. ಅರ್ಧವಾಯಿತೆಂದು ತಿಳಿಯುವುದು ಹೇಗೆ? ಹಣೆ, ಮೂಗು, ಕಂಕುಳು, ಕೈಕಾಲುಗಳ ಸಂದುಗಳಲ್ಲಿ ಬೆವರು ಕಾಣಿಸಿಕೊಂಡು ಬಾಯಿ ಒಣಗಿದಾಗ ಎಂದು ಆಯುರ್ವೇದದವರು ಹೇಳುತ್ತಾರೆ. ಇನ್ನು ನಮ್ಮ ನಾಡಿನದೇ ಆದ ಗ್ರಂಥ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ. ಸೋಮೇಶ್ವರನ ಆಳ್ವಿಕೆ 1126ರಿಂದ 1138ರವರೆಗೆ. ಆಗ ನಮ್ಮ ಸೀಮೆಯ ಹೊಯ್ಸಳರು ಹೆಸರಿಗಾದರೂ ಆ ಚಕ್ರವರ್ತಿಗಳ ಸಾಮಂತರು. ಅದರ ಮಲ್ಲವಿನೋದ ಎಂಬ ಭಾಗದಲ್ಲಿ ಜಟ್ಟಿಗಳ ಆಹಾರ, ವಯಸ್ಸು, ಪಟ್ಟುಗಳ ಜೊತೆಗೆ ಭಾರಶ್ರಮ, ಭ್ರಮಣಶ್ರಮ, ಸಲಿಲಶ್ರಮ, ಸ್ತಂಭಶ್ರಮ ಎಂಬ ಸಾಧನೆಗಳ ವರ್ಣನೆ ಬರುತ್ತದೆ. ಭಾರ ಎತ್ತುವುದು, ನಡೆಯುವುದು, ಈಜುವುದು, ಕಂಬದ ಮೇಲಿನ ಕಸರತ್ತು. ಇದನ್ನು ತೋರಿಸಿ "ನೋಡಿ, ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತು" ಎಂದು ಬೀಗುವವರಿದ್ದಾರೆ. ನನಗೆ ಅದು ಸರಿಯೆನಿಸುವುದಿಲ್ಲ. ಇವು ತಿಂಗಳುಗಟ್ಟಲೆಯ ತರಬೇತಿಯ ಮಾತು. ಆ ದಿನ, ಆ ಗಳಿಗೆಯಲ್ಲಿ ಮೈಯನ್ನು ಸಿದ್ಧಗೊಳಿಸುವ ಮಾತು ಬೇರೆ. ಆ ಎರಡನೆಯದು ಗ್ರಂಥಕ್ಕಿಂತ ಹೆಚ್ಚಾಗಿ ಗರಡಿಯ ಗುದ್ದಲಿಯಲ್ಲಿಯೇ ಉಳಿದಿತ್ತು.

ಮೈಸೂರು ಸಂಸ್ಥಾನದಲ್ಲಿ ವ್ಯಾಯಾಮಕ್ಕೆ ಅಚ್ಚಿನ ಪುಸ್ತಕಗಳು ಬಂದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಗೆ. 1896ರಲ್ಲಿ ಬೆಂಗಳೂರಿನಲ್ಲಿ ಪ್ರಕಟವಾದ ಎಸ್. ಭಾರದ್ವಾಜರ ವ್ಯಾಯಾಮದೀಪಿಕೆಯನ್ನು ಸಂಶೋಧಕರು ಮುಖ್ಯವೆಂದು ಎಣಿಸುತ್ತಾರೆ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೆ ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ತೆರೆದರು. ಅವರು ಹುಟ್ಟಿದ್ದು ನಮ್ಮ ನೆರೆಯ ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ. ಅವರ ಯೋಗಮಕರಂದ 1934ರಲ್ಲಿ ಕನ್ನಡದಲ್ಲಿಯೇ ಹೊರಬಂತು. ಅವರ ಶಿಷ್ಯರಾದ ಪಟ್ಟಾಭಿ ಜೋಯಿಸರು 1962ರಲ್ಲಿ ಪ್ರಕಟಿಸಿದ ಯೋಗಮಾಲಾ ಕೂಡ ಕನ್ನಡದ್ದೇ. ಜೋಯಿಸರ ಪದ್ಧತಿಯಲ್ಲಿ ಸೂರ್ಯನಮಸ್ಕಾರವಾಗದೆ ಮುಂದಿನ ಆಸನವಿಲ್ಲ. ಉಸಿರಿಗೆ ಹೊಂದಿಸಿ ಮತ್ತೆ ಮತ್ತೆ ಬಗ್ಗಿ ಎದ್ದು ಮೈಯಲ್ಲಿ ಬಿಸಿ ಹುಟ್ಟಿದ ಬಳಿಕವೇ ಕಠಿಣವಾದ ಮಡಿಕೆಗಳು. ಇಂದು ಜಗತ್ತಿನ ಮೂಲೆಮೂಲೆಯಲ್ಲಿ ಜನರು ಮೈಸೂರಿನ ಹೆಸರು ಹೇಳಿ ಮಾಡುವ ಯೋಗಾಭ್ಯಾಸದಲ್ಲಿ ಗರಡಿಯ ಆ ಮೊದಲ ಕಾಲು ಗಂಟೆ ಬೇರೊಂದು ರೂಪದಲ್ಲಿ ಉಳಿದುಕೊಂಡಿದೆ ಎಂದು ನಾನು ಭಾವಿಸುತ್ತೇನೆ. ಬೆಂಗಳೂರಿನ ಹರ್ಕ್ಯುಲಿಸ್ ವ್ಯಾಯಾಮಶಾಲೆಯ ಕೆ.ವಿ. ಅಯ್ಯರ್ ಅವರೂ 1937ರಲ್ಲಿ ಸೂರ್ಯನಮಸ್ಕಾರದ ಮೇಲೆ ಪುಸ್ತಕ ಬರೆದರು. (ಶಾಂತಲಾ, ರೂಪದರ್ಶಿ ಕಾದಂಬರಿಗಳನ್ನು ಓದಿದವರಿಗೆ ಇವರೇ ಆ ಅಯ್ಯರ್ ಎಂದು ನೆನಪಿಸುತ್ತೇನೆ.)

ಆದರೆ ನಮ್ಮ ಕಡೂರು, ತರೀಕೆರೆಯ ಶಾಲೆಗಳಿಗೆ ಬಂದದ್ದು ಇದಾವುದೂ ಅಲ್ಲ. ಬಂದದ್ದು ಡ್ರಿಲ್. ಅದರ ಬೇರು ಸ್ವೀಡನ್ ದೇಶದಲ್ಲಿದೆ. ಪೇರ್ ಹೆನ್ರಿಕ್ ಲಿಂಗ್ ಎಂಬಾತ 1813ರಲ್ಲಿ ಸ್ಟಾಕ್‌ಹೋಮ್ ನಗರದಲ್ಲಿ ವ್ಯಾಯಾಮ ಶಿಕ್ಷಣದ ಸಂಸ್ಥೆಯೊಂದನ್ನು ಆರಂಭಿಸಿದ. ಅಲ್ಲಿ ಬೆಳೆದ ಪದ್ಧತಿಯಲ್ಲಿ ದಿನದ ಪಾಠಕ್ಕೆ ಒಂದು ಕ್ರಮವಿತ್ತು. ಆರಂಭದಲ್ಲಿ ಹಗುರವಾದ ಚಲನೆಗಳು, ನಡುವೆ ಏರುತ್ತ ಹೋಗುವ ಕಠಿಣ ವ್ಯಾಯಾಮ, ಕೊನೆಗೆ ಮತ್ತೆ ಇಳಿಸಿ ಉಸಿರಾಟ. ಇಂಗ್ಲೆಂಡಿನ ಶಿಕ್ಷಣ ಮಂಡಳಿ 1904 ಮತ್ತು 1909ರಲ್ಲಿ ಶಾಲೆಗಳಿಗೆ ಹೊರಡಿಸಿದ ವ್ಯಾಯಾಮದ ಪಠ್ಯಕ್ರಮಕ್ಕೆ ಇದೇ ಆಧಾರ. 1920ರಲ್ಲಿ ಹ್ಯಾರಿ ಕ್ರೋ ಬಕ್ ಎಂಬ ಅಮೆರಿಕದ ಶಿಕ್ಷಕರು ಮದರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜನ್ನು ಸ್ಥಾಪಿಸಿದ ಮೇಲೆ ದಕ್ಷಿಣ ಭಾರತದ ಶಾಲೆಗಳಿಗೆ ತರಬೇತಿ ಪಡೆದ ವ್ಯಾಯಾಮ ಶಿಕ್ಷಕರು ದೊರೆಯತೊಡಗಿದರು.

ದೂರದಿಂದ ಬಂದ ವಸ್ತು ದಾರಿಯಲ್ಲಿ ಏನನ್ನಾದರೂ ಕಳೆದುಕೊಂಡೇ ಬರುತ್ತದೆ. ನಮ್ಮ ಡ್ರಿಲ್ ಮೇಷ್ಟ್ರು ಸೈನ್ಯದಿಂದ ನಿವೃತ್ತರಾಗಿ ಬಂದವರು, ಒಳ್ಳೆಯ ಮನುಷ್ಯರು. ಆದರೆ ಅವರಿಗೆ ಒಪ್ಪಿಸಿದ್ದ ಕೆಲಸ ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸುವುದು. ನಲವತ್ತು ನಿಮಿಷದ ಅವಧಿಯಲ್ಲಿ ಇಪ್ಪತ್ತು ನಿಮಿಷ ಸಾವಧಾನ್, ವಿಶ್ರಾಮ್. ಉಳಿದದ್ದರಲ್ಲಿ ಒಂದು ಚೆಂಡು, ಅರವತ್ತು ಹುಡುಗರು. ಕೈ ಮೇಲೆ, ಕೈ ಕೆಳಗೆ ಎಂದು ಮಾಡಿಸುತ್ತಿದ್ದುದು ಮುಂದಿನ ಆಟಕ್ಕೆ ಪೀಠಿಕೆ ಎಂದು ನಮಗೆ ಯಾರೂ ಹೇಳಲಿಲ್ಲ. ಅದೊಂದು ಶಿಸ್ತು ಎಂದು ತಿಳಿದೆವು. ತಪ್ಪು ಮಾಡಿದವನಿಗೆ ಮೈದಾನ ಸುತ್ತಿಸುವ ಶಿಕ್ಷೆ ಇದ್ದುದರಿಂದ ನಿಧಾನವಾಗಿ ಸುತ್ತು ಓಡುವುದೆಂದರೆ ಅವಮಾನವೆಂಬ ಭಾವನೆಯೂ ನಮ್ಮಲ್ಲಿ ಬೇರೂರಿತು. ಶಾಲಾ ಕ್ರೀಡಾದಿನವನ್ನು ನೆನಪಿಸಿಕೊಳ್ಳಿ. ಬೆಳಿಗ್ಗೆ ಬಿಳಿಯ ಬಟ್ಟೆ ತೊಟ್ಟು ಸಾಮೂಹಿಕ ಕವಾಯತು. ಮೈ ಚೆನ್ನಾಗಿ ಬಿಸಿಯಾಗುತ್ತಿತ್ತು. ಅದಾದ ಮೇಲೆ ಅತಿಥಿಗಳ ಭಾಷಣ, ಅಧ್ಯಕ್ಷರ ಭಾಷಣ, ವಂದನಾರ್ಪಣೆ. ಒಂದು ಗಂಟೆ ನೆಲದ ಮೇಲೆ ಚಕ್ಕಳಮಕ್ಕಳ ಕುಳಿತು ಕಾಲು ಜೋಮು ಹಿಡಿದ ಮೇಲೆ ನೂರು ಮೀಟರ್ ಓಟ! ನಾನೂ ಮೇಷ್ಟ್ರಾಗಿ ಇಂತಹ ಹತ್ತಾರು ಕ್ರೀಡಾದಿನಗಳನ್ನು ಇದೇ ರೀತಿಯಲ್ಲಿ ನಡೆಸಿದ್ದೇನೆ. ಆ ಭಾಷಣಗಳಲ್ಲಿ ಕೆಲವು ನನ್ನವೇ.

ನಮ್ಮ ಭಾಗದಲ್ಲಿ ಇದಕ್ಕೆ ಅಪವಾದವಾಗಿ ಒಂದು ಧಾರೆ ಹರಿಯಿತು. ಅಜ್ಜಂಪುರದಿಂದ ಬಹಳ ದೂರವಲ್ಲದ, ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಗೆ 1943ರಲ್ಲಿ ಬಂದು ನೆಲೆನಿಂತ ರಾಘವೇಂದ್ರ ಸ್ವಾಮೀಜಿಯವರು ಅನಾಥಸೇವಾಶ್ರಮವನ್ನು ಕಟ್ಟಿದರು. 'ತಿರುಕ' ಎಂಬ ಹೆಸರಿನಲ್ಲಿ ಬರೆದರು. 1996ರಲ್ಲಿ ತೀರಿಕೊಳ್ಳುವವರೆಗೂ ಯೋಗ, ವ್ಯಾಯಾಮ, ಆಯುರ್ವೇದವೆಂದು ದುಡಿದರು. ವ್ಯಾಯಾಮವನ್ನು ಅವರು ಕಲಿತದ್ದು ಬರೋಡದ ರಾಜರತ್ನ ಮಾಣಿಕರಾಯರ ಬಳಿ. ಲೋನಾವಳದಲ್ಲಿ 1924ರಲ್ಲಿ ಕೈವಲ್ಯಧಾಮವನ್ನು ಸ್ಥಾಪಿಸಿದ ಸ್ವಾಮಿ ಕುವಲಯಾನಂದರಿಗೂ ವ್ಯಾಯಾಮದಲ್ಲಿ ಅವರೇ ಗುರುಗಳು. ಊರೂರುಗಳಲ್ಲಿ ಶಿಬಿರ ನಡೆಸಿ, ಜಾತಿ ಕುಲ ನೋಡದೆ ಹುಡುಗರಿಗೆ ವ್ಯಾಯಾಮ ಕಲಿಸುವುದು ಸ್ವಾಮೀಜಿಯವರ ರೀತಿ. ಅಂತಹ ಶಿಬಿರದಲ್ಲಿ ಕಲಿತು ಬಂದ ನಮ್ಮ ಊರಿನ ಹಿರಿಯರೊಬ್ಬರು ಶಾಲೆಯ ಅಂಗಳದಲ್ಲಿ ಕೆಲವು ತಿಂಗಳು ಹುಡುಗರಿಗೆ ಹೇಳಿಕೊಟ್ಟರು. ಕೀಲುಗಳನ್ನು ಕತ್ತಿನಿಂದ ಹಿಡಿದು ಹರಡಿನವರೆಗೆ ಒಂದೊಂದಾಗಿ ತಿರುಗಿಸುವುದರಿಂದ ಅವರ ಪಾಠ ಆರಂಭವಾಗುತ್ತಿತ್ತು. ನಾವು ಬೇಸರಪಟ್ಟುಕೊಂಡು, ಲಾಠಿ ಯಾವಾಗ ಕೊಡುತ್ತಾರೋ ಎಂದು ಕಾಯುತ್ತಿದ್ದೆವು. ಕಾಯಿಸಿ ಕಲಿಸಿದ್ದನ್ನು ನಾನು ಕಲಿಯಲಿಲ್ಲ. ಅದರ ಬೆಲೆಯನ್ನು ಬೇರೊಬ್ಬ ತೆತ್ತ.

ಈಗ 1989ಕ್ಕೆ ಬರುತ್ತೇನೆ. ನಾನಾಗ ಒಂದು ಗ್ರಾಮಾಂತರ ಪ್ರೌಢಶಾಲೆಯಲ್ಲಿದ್ದೆ. ವ್ಯಾಯಾಮ ಶಿಕ್ಷಕರ ಹುದ್ದೆ ಖಾಲಿಯಾಗಿದ್ದುದರಿಂದ ತಾಲ್ಲೂಕು ಮಟ್ಟದ ಕ್ರೀಡಾಕೂಟಕ್ಕೆ ಮಕ್ಕಳನ್ನು ಕರೆದೊಯ್ಯುವ ಹೊಣೆ ನನ್ನ ಮೇಲೆ ಬಿತ್ತು. ಹತ್ತನೆಯ ತರಗತಿಯ ಒಬ್ಬ ಹುಡುಗ ನಮ್ಮ ಶಾಲೆಯ ಹೆಮ್ಮೆ. ಬರಿಗಾಲಲ್ಲಿ ಓಡಿದರೂ ಎದುರಿಲ್ಲ. ಬೆಳಿಗ್ಗೆ ನಡೆದ ನೂರು ಮೀಟರಿನ ಮೊದಲ ಸುತ್ತಿನಲ್ಲಿ ಎರಡನೆಯವನಿಗಿಂತ ನಾಲ್ಕು ಮಾರು ಮುಂದೆ ಬಂದ. ಅಂತಿಮ ಓಟ ಊಟದ ನಂತರ ಎಂದರು. ಸೋನೆ ಮಳೆ ಹಿಡಿಯಿತು. ಎರಡೂವರೆ ಗಂಟೆ ತಡವಾಯಿತು. ಹುಡುಗರು ಮೈದಾನದ ಅಂಚಿನಲ್ಲಿ ಓಡಾಡುತ್ತ, ನೆಗೆಯುತ್ತ ಇದ್ದರು. ನಾನು ಅವರನ್ನು ಕರೆದು ಮರದ ಕೆಳಗೆ ಕೂರಿಸಿದೆ. "ಕುಣೀಬೇಡ್ರೋ, ಶಕ್ತಿ ಉಳಿಸಿಕೊಳ್ಳಿ" ಎಂದೆ. ಆ ಮಾತು ನನಗೆ ಅಕ್ಷರಶಃ ನೆನಪಿದೆ. ತಲಾ ಒಂದು ಚಮಚ ಗ್ಲೂಕೋಸ್ ಪುಡಿ ಕೊಟ್ಟು ಜವಾಬ್ದಾರಿ ನಿರ್ವಹಿಸಿದವನ ಹೆಮ್ಮೆಯಿಂದ ಕೊಡೆ ಹಿಡಿದು ನಿಂತೆ. ಇದ್ದಕ್ಕಿದ್ದಂತೆ ಮೈಕಿನಲ್ಲಿ ಕರೆದರು. ಹುಡುಗ ಕುಳಿತಲ್ಲಿಂದ ಎದ್ದು ಗೆರೆಯ ಬಳಿಗೆ ಓಡಿದ. ಸೀಟಿ ಊದಿದರು. ಐವತ್ತು ಅರವತ್ತು ಮೀಟರಿನವರೆಗೆ ಅವನೇ ಮುಂದೆ. ಆಮೇಲೆ ಯಾರೋ ಹಿಂದಿನಿಂದ ಹೊಡೆದಂತೆ ತೊಡೆಯ ಹಿಂಭಾಗವನ್ನು ಎರಡು ಕೈಯಲ್ಲಿ ಹಿಡಿದು ಬಿದ್ದುಬಿಟ್ಟ.

ನೋವಿನ ಮುಲಾಮು ಹಚ್ಚಿ, ಟವೆಲ್ ಕಟ್ಟಿ, ಬಸ್ಸಿನಲ್ಲಿ ಉದ್ದದ ಸೀಟಿನ ಮೇಲೆ ಮಲಗಿಸಿಕೊಂಡು ಕರೆತಂದೆವು. ಸ್ನಾಯು ಹರಿದಿತ್ತು. ಎರಡು ತಿಂಗಳು ಕುಂಟಿದ. ಜಿಲ್ಲಾ ಮಟ್ಟದ ಕೂಟ ತಪ್ಪಿತು. ಮುಂದೆ ಓಡಿದನಾದರೂ ಆ ಮೊದಲಿನ ಓಟ ಮರಳಲಿಲ್ಲ. ಪೂರ್ಣ ವೇಗಕ್ಕೆ ಬರುವಾಗಲೆಲ್ಲ ಅಂಜುತ್ತಿದ್ದ. ನಾನು ಅವನ ಮನೆಗೆ ಹೋದಾಗ ಅವನ ತಂದೆ ಕೊಟ್ಟಿಗೆಯಲ್ಲಿದ್ದರು. ಅಮೃತಮಹಲ್ ಎತ್ತುಗಳ ಜೋಡಿ. ಅಜ್ಜಂಪುರದ ಕಡೆಯವರಿಗೆ ಆ ತಳಿಯ ಬಗ್ಗೆ ಹೇಳಬೇಕಿಲ್ಲ. ಹೈದರ್, ಟಿಪ್ಪುವಿನ ಫಿರಂಗಿಗಳನ್ನು ಎಳೆದ ದನಗಳವು. ಅವುಗಳ ತಳಿ ಸಂವರ್ಧನಾ ಕೇಂದ್ರ 1929ರಿಂದ ಅಜ್ಜಂಪುರದಲ್ಲಿದೆ. ಅವರು ನನ್ನನ್ನು ಬೈಯಲಿಲ್ಲ. ಕುಳಿತುಕೊಳ್ಳಲು ಹೇಳಿ, ಬೆಲ್ಲದ ಕಾಫಿ ತರಿಸಿ, ಎತ್ತಿನ ಬೆನ್ನು ಸವರುತ್ತ ಹೇಳಿದರು: "ಕೊಟ್ಟಿಗೆಯಿಂದ ಬಿಚ್ಚಿದ ಎತ್ತನ್ನ ನಾವು ಅರ್ಧ ಮೈಲಿ ಸುಮ್ನೆ ನಡೆಸ್ತೀವಿ ಮೇಷ್ಟ್ರೆ. ಆಮೇಲೆ ಓಡ್ಸೋದು. ಇಸ್ಕೂಲಲ್ಲೂ ಹಂಗೇ ಇರ್ತದೆ ಅಂದ್ಕೊಂಡಿದ್ದೆ."

ಆ ಹುಡುಗನೇ ಕಳೆದ ತಿಂಗಳು ದೂರವಾಣಿ ಮಾಡಿದವನು.

ಶಕ್ತಿ ಉಳಿಸಿಕೊಳ್ಳಿ ಎಂದ ನನ್ನ ಮಾತಿನಲ್ಲಿಯೇ ತಪ್ಪು ಅಡಗಿತ್ತು. ಮೈಯೆಂದರೆ ಹಣದ ಚೀಲ, ಖರ್ಚು ಮಾಡದಿದ್ದರೆ ಉಳಿಯುತ್ತದೆ ಎಂದು ನಾನು ತಿಳಿದಿದ್ದೆ. ಅದು ಒಲೆಯ ಹಾಗೆ ಎಂದು ಗರಡಿಯ ಉಸ್ತಾದರಿಗೆ ಗೊತ್ತಿತ್ತು. ಆಮೇಲೆ ಓದಿ ತಿಳಿದುಕೊಂಡದ್ದನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಸ್ನಾಯು ಕೆಲಸ ಮಾಡುವಾಗ ಅದು ಬಳಸುವ ಚೈತನ್ಯದಲ್ಲಿ ಹೆಚ್ಚೆಂದರೆ ಕಾಲು ಭಾಗ ಚಲನೆಯಾಗುತ್ತದೆ, ಉಳಿದದ್ದೆಲ್ಲ ಶಾಖ. ಸ್ನಾಯುವಿನಲ್ಲಿ ಶಾಖ ಹುಟ್ಟುವ ಬಗೆಯನ್ನು ಅಳೆದದ್ದಕ್ಕಾಗಿಯೇ ಇಂಗ್ಲೆಂಡಿನ ಎ.ವಿ. ಹಿಲ್ ಅವರಿಗೆ 1922ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು. ಈ ಶಾಖ ವ್ಯರ್ಥವಲ್ಲ ಎಂದು ತೋರಿಸಿದವರಲ್ಲಿ ಡೆನ್ಮಾರ್ಕಿನ ಆಸ್ಮುಸೆನ್ ಮತ್ತು ಬೋಯೆ ಪ್ರಮುಖರು. 1945ರಲ್ಲಿ ಪ್ರಕಟವಾದ ಅವರ ಪ್ರಯೋಗಗಳಲ್ಲಿ, ಮೊದಲೇ ಮೈ ಬಿಸಿ ಮಾಡಿಕೊಂಡವರು ಸೈಕಲ್ ಯಂತ್ರದ ಮೇಲೆ ಅದೇ ಕೆಲಸವನ್ನು ಬೇಗ ಮುಗಿಸಿದರು. ಬಿಸಿನೀರಿನ ಸ್ನಾನದಿಂದ ಬಿಸಿಯಾದವರಿಗೂ ಸ್ವಲ್ಪ ಲಾಭವಾಯಿತು. ಎಂದರೆ ಗುಟ್ಟು ಇರುವುದು ಸ್ನಾಯುವಿನ ಉಷ್ಣತೆಯಲ್ಲಿ. ಸ್ವೀಡನ್ನಿನಲ್ಲಿ 1979ರಲ್ಲಿ ನಡೆದ ಅಧ್ಯಯನವೊಂದರ ಪ್ರಕಾರ ಸ್ನಾಯು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಅದರ ಸಾಮರ್ಥ್ಯ ಹೆಚ್ಚುಕಡಿಮೆ ಶೇಕಡಾ 4-6ರಷ್ಟು ಏರುತ್ತದೆ. ಬಿಸಿಯಾದ ಸ್ನಾಯುವಿಗೆ ರಕ್ತ ಹೆಚ್ಚು ಹರಿಯುತ್ತದೆ, ರಕ್ತದಲ್ಲಿನ ಆಮ್ಲಜನಕ ಸುಲಭವಾಗಿ ಬಿಡುಗಡೆಯಾಗುತ್ತದೆ, ನರಗಳ ಸಂದೇಶ ಚುರುಕಾಗುತ್ತದೆ. ತಣ್ಣಗಿರುವ ಎಣ್ಣೆಯಂತೆ ಬಿಗಿಯಾಗಿದ್ದ ಸ್ನಾಯು ಸಡಿಲವಾಗುತ್ತದೆ. ಇದಕ್ಕೆ ಹತ್ತರಿಂದ ಇಪ್ಪತ್ತು ನಿಮಿಷ ಸಾಕು. ಆದರೆ ಸುಮ್ಮನೆ ಕುಳಿತರೆ ಗಳಿಸಿದ ಬಿಸಿ ಬೇಗನೆ ಇಳಿದುಹೋಗುತ್ತದೆ. ಮಳೆಯಲ್ಲಿ, ಮರದ ಕೆಳಗೆ, ಎರಡೂವರೆ ಗಂಟೆಯಲ್ಲಿ ಏನು ಉಳಿದಿರಲು ಸಾಧ್ಯ?

ತಪ್ಪು ತಿದ್ದಿಕೊಳ್ಳಲು ಹೋಗಿ ಇನ್ನೊಂದು ತಪ್ಪು ಮಾಡಿದೆನೆಂಬುದನ್ನೂ ಹೇಳಿಬಿಡಬೇಕು. ಆ ಘಟನೆಯ ನಂತರ ಎಲ್ಲಿಂದಲೋ ಒಂದು ಚಿತ್ರಪಟ ತಂದು ಗೋಡೆಗೆ ಅಂಟಿಸಿ, ಓಟಕ್ಕೆ ಮುನ್ನ ಮಕ್ಕಳನ್ನು ತಣ್ಣನೆಯ ನೆಲದ ಮೇಲೆ ಕೂರಿಸಿ, ಕಾಲ್ಬೆರಳು ಹಿಡಿದು ಒಂದೊಂದು ನಿಮಿಷ ಅಲುಗದಂತೆ ಎಳೆದುಕೊಂಡಿರಲು ಹೇಳುತ್ತಿದ್ದೆ. ಹತ್ತಾರು ವರ್ಷ ಇದನ್ನೇ ನಿಷ್ಠೆಯಿಂದ ಮಾಡಿಸಿದೆ. (1990ರ ದಶಕದಲ್ಲಿ ನನ್ನ ಕೈಯಲ್ಲಿ ಓದಿದವರಿಗೆ ಮಂಡಿಯ ಹಿಂದಿನ ಆ ನೋವು ನೆನಪಿರಬಹುದು. ಕ್ಷಮಿಸಿ.) 2000ದಲ್ಲಿ ಆಸ್ಟ್ರೇಲಿಯದ ಸೈನ್ಯಕ್ಕೆ ಹೊಸದಾಗಿ ಸೇರಿದ 1,538 ಮಂದಿಯ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ಹಾಗೆ ಸ್ನಾಯುಗಳನ್ನು ಎಳೆದುಕೊಂಡವರಿಗೂ ಎಳೆದುಕೊಳ್ಳದವರಿಗೂ ಗಾಯಗಳಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ. ಬಹಳ ಹೊತ್ತು ಹಾಗೆ ಎಳೆದು ಹಿಡಿದರೆ ಕೂಡಲೇ ಓಡುವವನ ಬಿರುಸು ಸ್ವಲ್ಪ ಕುಗ್ಗುತ್ತದೆ ಎಂದೂ ಬೇರೆ ಅಧ್ಯಯನಗಳು ಹೇಳಿದವು. ಮೈ ಬಗ್ಗಿಸುವ ಅಭ್ಯಾಸ ಕೆಟ್ಟದ್ದಲ್ಲ. ಅದರ ಜಾಗ ಓಟದ ಗೆರೆಯ ಮುಂದಲ್ಲ, ಅಷ್ಟೆ. 2008ರಲ್ಲಿ ನಾರ್ವೆ ದೇಶದಲ್ಲಿ 125 ಫುಟ್‌ಬಾಲ್ ಕ್ಲಬ್ಬುಗಳ, 13ರಿಂದ 17 ವರ್ಷದ 1,892 ಹುಡುಗಿಯರ ಮೇಲೆ ನಡೆದ ಅಧ್ಯಯನದಲ್ಲಿ ನಿಧಾನದ ಓಟ, ಕುಪ್ಪಳಿಕೆ, ತೊಡೆ ಹೊಟ್ಟೆಗಳ ಬಲ, ಸಮತೋಲನ ಎಲ್ಲ ಕೂಡಿದ ಇಪ್ಪತ್ತು ನಿಮಿಷದ ಸಿದ್ಧತೆ ಮಾಡಿಸಿದರು. ಆ ತಂಡಗಳಲ್ಲಿ ತೀವ್ರವಾದ ಗಾಯಗಳು ಹೆಚ್ಚುಕಡಿಮೆ ಅರ್ಧಕ್ಕಿಳಿದವು. ಈ ವರದಿಯನ್ನು ಓದುವಾಗ ನನ್ನ ಕಣ್ಣ ಮುಂದೆ ಇದ್ದದ್ದು ನಾರ್ವೆಯಲ್ಲ. ಬಗ್ಗಿ, ಎದ್ದು, ಎಳೆದು ಮಣ್ಣು ಹದ ಮಾಡುತ್ತಿದ್ದ ನಮ್ಮೂರಿನ ಪೈಲ್ವಾನರು.

ಹಾಗೆಂದು ಗರಡಿಯಲ್ಲಿ ಯಾರಿಗೂ ಪೆಟ್ಟಾಗುತ್ತಿರಲಿಲ್ಲ ಎಂದು ನಾನು ಹೇಳಲಾರೆ. ಉಳುಕು ತೆಗೆಯುವವರಿಗೆ ನಮ್ಮ ಊರಿನಲ್ಲಿ ಕೈತುಂಬ ಕೆಲಸವಿತ್ತು. ಗರಡಿಯ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ, ಹೆಣ್ಣುಮಕ್ಕಳಿಗಂತೂ ಇಲ್ಲವೇ ಇಲ್ಲ. ಆ ಕಟ್ಟಡ 1970ರ ದಶಕದಲ್ಲಿ ಕುಸಿಯಿತು. ಕೆಮ್ಮಣ್ಣನ್ನು ಯಾರೋ ತೋಟಕ್ಕೆ ಹೊಡೆಸಿಕೊಂಡರು.

ಕಳೆದ ವಾರ ಮಗನ ಜೊತೆ ಕಡೂರಿಗೆ ಹೋಗಿದ್ದೆ. ಬೆಳಿಗ್ಗೆ ಐದೂವರೆಗೆ ಆ ವಿದ್ಯಾರ್ಥಿ ಬಂದು ನನ್ನನ್ನು ಮೈದಾನಕ್ಕೆ ಕರೆದೊಯ್ದ. ಈಗ ಅವನಿಗೂ ಐವತ್ತು ದಾಟಿದೆ, ಕಿವಿಯ ಮೇಲೆ ನರೆ. ಮಂಜು ಇನ್ನೂ ಕರಗಿರಲಿಲ್ಲ. ಇಪ್ಪತ್ತು ಮೂವತ್ತು ಹುಡುಗ ಹುಡುಗಿಯರು ಅದಾಗಲೇ ಬಂದಿದ್ದರು. ಕೆಲವರು ಚಪ್ಪಲಿ ಕಳಚಿ, ಗಡಿಯಾರ ನೋಡಿಕೊಂಡು, ಬಂದವರೇ ಓಡಲು ಆರಂಭಿಸಿದರು. ಇವನ ಮಗಳು ಸ್ವೆಟರು ತೊಟ್ಟುಕೊಂಡೇ ಮೊದಲ ಸುತ್ತು ನಡೆದಳು. ಎರಡನೆಯದನ್ನು ಅಜ್ಜಿ ಓಡಿದ ಹಾಗೆ ಓಡಿದಳು. ಬಳಿಕ ಬಸ್ಕಿ. ನನಗೆ ನಗು ಬಂತು. "ಬಸ್ಕಿ ಯಾರು ಹೇಳಿಕೊಟ್ಟರಮ್ಮ?" ಎಂದೆ. "ತಾತ, ಸಾರ್. ಎತ್ತಿಗೆ ಮಾತ್ರ ಮಾಡಿಸ್ತಿರಲಿಲ್ಲ ಅಷ್ಟೇ" ಎಂದಳು. ಆಮೇಲೆ ಸ್ವೆಟರು ತೆಗೆದು ಅಪ್ಪನ ಕೈಗೆ ಕೊಟ್ಟಳು. ಅವನು ಅವಳ ಬೆನ್ನ ಮೇಲೆ ಅಂಗೈ ಇಟ್ಟು ನೋಡಿ, ಜೇಬಿನಿಂದ ಮೊಬೈಲ್ ತೆಗೆದು, ಸಮಯ ಗುರುತು ಹಾಕಿಕೊಳ್ಳಲು ಗೆರೆಯ ಬಳಿಗೆ ನಡೆದ.